ನೂರು ಸಾಲಿನ ಪೋರ್ಟ್ ಸ್ಕ್ಯಾನರ್: ‘ಉತ್ತರ ಬರಲಿಲ್ಲ’ ಅಂದರೆ ಏನು?

ನೆಟ್‌ವರ್ಕ್‌ನಲ್ಲಿರುವ ಯಂತ್ರದ ಪ್ರತಿ ಸೇವೆಗೂ ಒಂದು ನಂಬರಿನ ಬಾಗಿಲಿರುತ್ತದೆ, ಅದೇ ಪೋರ್ಟ್. ಯಾವ ಬಾಗಿಲು ತೆರೆದಿದೆ ಅಂತ ಒಂದೊಂದನ್ನೇ ತಟ್ಟಿ ನೋಡುವ ಪ್ರೋಗ್ರಾಂ ಪೋರ್ಟ್ ಸ್ಕ್ಯಾನರ್. ಅದನ್ನು ಬರೆಯುವುದು ಹತ್ತು ಸಾಲಿನ ಕೆಲಸ. ಪೈಥಾನ್ ಅಲ್ಪಸ್ವಲ್ಪ ಬರುವವರು ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ಬರೆದುಬಿಡಬಹುದು. ಆ ಹತ್ತು ಸಾಲು ಹೇಳಿದ್ದನ್ನು ನಂಬಬಹುದಾ ಅಂತ ಕೂತು ನೋಡಲು ಶುರು ಮಾಡಿದರೆ ಮಾತ್ರ ವಾರಗಟ್ಟಲೆ ಹೋಗುತ್ತದೆ. ನನಗೂ ಹಾಗೇ ಆಯಿತು. ಹತ್ತು ಸಾಲು ನೂರು ಸಾಲಾಯಿತು, ಹೆಚ್ಚಾದ ತೊಂಬತ್ತು ಸಾಲಿನಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆಗೆ ಖರ್ಚಾಯಿತು: ಆ ಕಡೆಯಿಂದ ಉತ್ತರ ಬರಲಿಲ್ಲ ಅಂದರೆ ಅದಕ್ಕೆ ಏನಂತ ಹೆಸರಿಡುವುದು?

ಎನ್‌ಮ್ಯಾಪ್ ಅನ್ನುವ ಹೆಸರುವಾಸಿ ಪೋರ್ಟ್ ಸ್ಕ್ಯಾನರ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳಬಹುದು. ಸರಿಯಾದ ಪ್ರಶ್ನೆಯೇ. ಗಾರ್ಡನ್ ಲಯನ್ 1997ರಲ್ಲಿ ಬಿಟ್ಟ ಆ ಟೂಲ್ ಇವತ್ತಿಗೂ ಈ ಕೆಲಸಕ್ಕೆ ಮೊದಲ ಆಯ್ಕೆ, ದಿನನಿತ್ಯದ ಕೆಲಸಕ್ಕೆ ನಾನೂ ಅದನ್ನೇ ಬಳಸುತ್ತೇನೆ. ಆದರೆ ಅದು ‘ಫಿಲ್ಟರ್ಡ್’ (ನಡುವೆ ಯಾರೋ ತಡೆದಿದ್ದಾರೆ) ಅಂತ ತೋರಿಸಿದಾಗ ಆ ಪದದ ಹಿಂದೆ ವೈರ್ ಮೇಲೆ ನಿಜವಾಗಿ ಏನು ನಡೆಯಿತು ಅಂತ ಗೊತ್ತಾಗಬೇಕಾದರೆ ಒಮ್ಮೆ ನಾವೇ ಬರೆದು ನೋಡಬೇಕು. ಜೊತೆಗೆ ಮನೆಯ ನೆಟ್‌ವರ್ಕ್ ಮೇಲೆ ವಾರಕ್ಕೊಮ್ಮೆ ತಾನಾಗಿ ಓಡುವ ಒಂದು ಸಣ್ಣ ಸ್ಕ್ರಿಪ್ಟ್ ನನಗೆ ಬೇಕಿತ್ತು, ಹೊರಗಿನ ಲೈಬ್ರರಿ ಒಂದೂ ಇಲ್ಲದ್ದು.

ಶುರು ಮಾಡುವ ಮೊದಲು ಅನುಮತಿ ವಿಷಯ ಮುಗಿಸಿಬಿಡೋಣ. ನಿಮ್ಮದಲ್ಲದ ಯಂತ್ರವನ್ನು ಕೇಳದೆ ಸ್ಕ್ಯಾನ್ ಮಾಡಬೇಡಿ. ನಮ್ಮ ಐಟಿ ಕಾಯ್ದೆ 2000ರ 43ನೇ ಸೆಕ್ಷನ್ ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್ ಅಥವಾ ನೆಟ್‌ವರ್ಕ್ ಪ್ರವೇಶಿಸುವುದರ ಬಗ್ಗೆ ಇದೆ, ಅದನ್ನೇ ಕೆಟ್ಟ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಬರೀ ಪೋರ್ಟ್ ತಟ್ಟಿದ್ದು ‘ಪ್ರವೇಶ’ ಆಗುತ್ತದಾ ಇಲ್ಲವಾ ಅಂತ ವಕೀಲರು ವಾದ ಮಾಡಿಕೊಳ್ಳಲಿ, ಆ ವಾದದ ನಡುವೆ ನಾವು ನಿಂತಿರುವುದು ಬೇಡ. ಪಿಜಿ ವೈಫೈ, ಆಫೀಸ್ ವೈಫೈ, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ವೈಫೈ ಎಲ್ಲದಕ್ಕೂ ಇದೇ ಮಾತು. ಐಪಿ ವಿಳಾಸ 192.168 ಅಂತ (ಒಳಗಿನ ನೆಟ್‌ವರ್ಕ್‌ನಲ್ಲಿ ಮಾತ್ರ ನಡೆಯುವ ಖಾಸಗಿ ವಿಳಾಸ) ಶುರುವಾದ ಮಾತ್ರಕ್ಕೆ ಆ ನೆಟ್‌ವರ್ಕ್ ನಿಮ್ಮದಾಗುವುದಿಲ್ಲ. ಹೊರಗಿನ ಯಂತ್ರದ ಮೇಲೆ ಪರೀಕ್ಷೆ ಮಾಡಲೇಬೇಕು ಅಂದರೆ ಎನ್‌ಮ್ಯಾಪ್‌ನವರೇ ‘ಸ್ಕ್ಯಾನ್‌ಮಿ’ ಅಂತ ಒಂದು ಸರ್ವರ್ ಇಟ್ಟಿದ್ದಾರೆ, ದಿನಕ್ಕೆ ಕೆಲವೇ ಸಲ ಅಂತ ಷರತ್ತಿದೆ, ಅದನ್ನು ಪಾಲಿಸಿ.

ನನ್ನ ಸ್ಕ್ರಿಪ್ಟ್‌ನ ಮೊದಲ ಕೆಲಸವೇ ಈ ತಡೆ. ಪೈಥಾನ್ ಜೊತೆಗೇ ಬರುವ ಐಪಿ‌ಅಡ್ರೆಸ್ ಮಾಡ್ಯೂಲ್‌ನಿಂದ ಕೊಟ್ಟ ವಿಳಾಸ ಖಾಸಗಿ ವಲಯದ್ದಾ ಅಂತ ನೋಡುತ್ತದೆ. ಅಲ್ಲ ಅಂದರೆ ಒಂದು ಪಟ್ಟಿ ಫೈಲ್‌ನಲ್ಲಿ ನಾನು ಕೈಯಾರೆ ಬರೆದಿಟ್ಟ ವಿಳಾಸಗಳಲ್ಲಿ ಅದು ಇದೆಯಾ ಅಂತ ನೋಡುತ್ತದೆ. ಎರಡೂ ಇಲ್ಲ ಅಂದರೆ ಅಲ್ಲೇ ನಿಲ್ಲುತ್ತದೆ. ಟೈಪ್ ಮಾಡುವಾಗ ಒಂದು ಅಂಕಿ ಆಚೀಚೆ ಆದರೂ ಯಾರದೋ ಸರ್ವರ್‌ಗೆ ಹೋಗಿ ತಟ್ಟುವುದು ತಪ್ಪುತ್ತದೆ.

ಈಗ ಆ ಹತ್ತು ಸಾಲು. ಎಲ್ಲ ಕಡೆ ಸಿಗುವ ಸ್ಕ್ಯಾನರ್‌ನ ಹೊಟ್ಟೆಯೊಳಗೆ ಇರುವುದು ಇಷ್ಟೇ:

ಸಾಕೆಟ್ ತೆರೆ
ಟೈಮ್‌ಔಟ್ 1 ಸೆಕೆಂಡ್ ಇಡು
ಉತ್ತರ = ಕನೆಕ್ಟ್_ಎಕ್ಸ್(ವಿಳಾಸ, ಪೋರ್ಟ್)
ಉತ್ತರ 0 ಆದರೆ ‘ತೆರೆದಿದೆ’
ಇಲ್ಲದಿದ್ದರೆ ‘ಮುಚ್ಚಿದೆ’
ಸಾಕೆಟ್ ಮುಚ್ಚು

ಸಾಕೆಟ್ ಅಂದರೆ ಸಂಪರ್ಕದ ನಮ್ಮ ಕಡೆಯ ತುದಿ, ಟೈಮ್‌ಔಟ್ ಅಂದರೆ ಉತ್ತರಕ್ಕೆ ಕಾಯುವ ಗಡುವು. ಇದಕ್ಕೆ ರೂಟ್ ಅಧಿಕಾರ (ಯಂತ್ರದ ಮೇಲೆ ಪೂರ್ತಿ ಹಿಡಿತ) ಬೇಡ. ನಾವು ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ‘ಸಂಪರ್ಕ ಮಾಡು’ ಅನ್ನುತ್ತೇವೆ, ಅದು ಸಿನ್ (‘ಮಾತಾಡೋಣವಾ’) ಪ್ಯಾಕೆಟ್ ಕಳಿಸುತ್ತದೆ, ಆ ಕಡೆಯಿಂದ ಸಿನ್-ಆಕ್ (‘ಸರಿ’) ಬಂದರೆ ಕೊನೆಯ ಆಕ್ ಕಳಿಸಿ ನಮಗೆ 0 ಕೊಡುತ್ತದೆ. ಕನೆಕ್ಟ್ ಬದಲು ಕನೆಕ್ಟ್_ಎಕ್ಸ್ ಯಾಕೆ ಅಂದರೆ ಅದು ಎಕ್ಸೆಪ್ಶನ್ ಎಸೆಯುವ ಬದಲು ಎರರ್ ನಂಬರ್ ವಾಪಸ್ ಕೊಡುತ್ತದೆ. ಆ ನಂಬರ್‌ನಲ್ಲೇ ಎಲ್ಲ ಇರುವುದು. ಮೇಲಿನ ಆರು ಸಾಲಿನಲ್ಲಿ ಐದನೆಯದು ಆ ನಂಬರ್ ಅನ್ನು ಕಸದ ಬುಟ್ಟಿಗೆ ಹಾಕಿ, ಸೊನ್ನೆ ಅಲ್ಲದ್ದೆಲ್ಲ ಮುಚ್ಚಿದೆ ಅಂತ ಹೇಳಿಬಿಡುತ್ತದೆ. ನನಗೆ ತಕರಾರು ಇರುವುದು ಅಲ್ಲೇ.

ಹಾಗಾಗಿ ಪರೀಕ್ಷೆಗೆ ಅಂತಲೇ ಒಂದು ಗುರಿ ಕಟ್ಟಿಕೊಂಡೆ. ಮೂಲೆಯಲ್ಲಿದ್ದ ರಾಸ್‌ಬೆರಿ ಪೈ ಒಂದನ್ನು ಲ್ಯಾನ್ ಕೇಬಲ್‌ಗೆ ಹಾಕಿ ಅದರ ಮೇಲೆ ಐದು ಪೋರ್ಟ್‌ಗಳನ್ನು ಐದು ಥರ ಇಟ್ಟೆ. 8000ರಲ್ಲಿ ಪೈಥಾನ್‌ನದೇ ಸಣ್ಣ ವೆಬ್ ಸರ್ವರ್. 8001ಕ್ಕೆ ಲಿನಕ್ಸ್ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ‘ಡ್ರಾಪ್’, ಅಂದರೆ ಬಂದದ್ದನ್ನು ಸದ್ದಿಲ್ಲದೆ ಎಸೆಯುವುದು. 8002ಕ್ಕೆ ಮಾಮೂಲಿ ‘ರಿಜೆಕ್ಟ್’, ಅಂದರೆ ಬೇಡ ಅಂತ ಹೇಳಿ ಕಳಿಸುವುದು. 8003ಕ್ಕೂ ರಿಜೆಕ್ಟ್, ಆದರೆ ‘ಹೋಸ್ಟ್ ಪ್ರೊಹಿಬಿಟೆಡ್’ ಅನ್ನುವ ಐಸಿಎಂಪಿ (ನೆಟ್‌ವರ್ಕ್ ತೊಂದರೆ ತಿಳಿಸುವ ಸಂದೇಶ) ಉತ್ತರದ ಜೊತೆ. 8004ಕ್ಕೆ ಏನೂ ಇಲ್ಲ, ಯಾವ ಪ್ರೋಗ್ರಾಂ ಕೂಡ ಕೇಳಿಸಿಕೊಳ್ಳುತ್ತಿಲ್ಲ, ಫೈರ್‌ವಾಲ್ ಕೂಡ ಅಡ್ಡ ಇಲ್ಲ. ಇಷ್ಟು ಮಾಡಿ ಲ್ಯಾಪ್‌ಟಾಪ್‌ನಿಂದ ನಂಬರ್‌ಗಳನ್ನು ಹಾಗೇ ಪ್ರಿಂಟ್ ಮಾಡಿಸಿದರೆ:

8000: 0
8001: 11
8002: 111
8003: 113
8004: 111

ಲಿನಕ್ಸ್‌ನಲ್ಲಿ 111 ಅಂದರೆ ‘ಕನೆಕ್ಷನ್ ರೆಫ್ಯೂಸ್ಡ್’. ಆ ಕಡೆ ಯಂತ್ರ ಇದೆ, ಬಾಗಿಲು ಹಾಕಿದೆ. 11 ಅಂದರೆ ‘ಮತ್ತೆ ಪ್ರಯತ್ನಿಸು’ ಅನ್ನುವ ನಂಬರ್. ನಾವು ಟೈಮ್‌ಔಟ್ ಇಟ್ಟಿದ್ದರಿಂದ ಅಷ್ಟರೊಳಗೆ ಏನೂ ಬರದೇ ಹೋದರೆ ಪೈಥಾನ್ ಇದನ್ನು ಕೊಡುತ್ತದೆ. 110 ಅಂದರೆ ನಿಜವಾದ ಟೈಮ್‌ಔಟ್, ಅದು ಕಾಣಿಸಬೇಕಾದರೆ ಕರ್ನಲ್ ತಾನೇ ಸೋತು ಕೈಚೆಲ್ಲುವವರೆಗೆ ಕಾಯಬೇಕು, ಬಹಳ ಕಾಲ ಲಿನಕ್ಸ್‌ನಲ್ಲಿ ಇದ್ದ ಲೆಕ್ಕದಲ್ಲಿ ಅದು 127 ಸೆಕೆಂಡ್. 110 ಬರುತ್ತದೆ ಅಂತ ನಂಬಿ ಕೋಡ್ ಬರೆದರೆ ಅದು ಬರುವುದೇ ಇಲ್ಲ, 11 ಬಂದು ಕೂತಿರುತ್ತದೆ. ವಿಂಡೋಸ್‌ನಲ್ಲಿ ನಂಬರ್‌ಗಳೇ ಬೇರೆ, ಹಾಗಾಗಿ ಕೋಡ್‌ನಲ್ಲಿ ಅಂಕಿ ಬರೆಯದೆ ಎರ್‌ನೋ ಮಾಡ್ಯೂಲ್‌ನ ಹೆಸರುಗಳನ್ನೇ ಬಳಸಿ.

ಈಗ 8002 ಮತ್ತು 8004 ನೋಡಿ. ಒಂದರ ಮುಂದೆ ಫೈರ್‌ವಾಲ್ ನಿಂತಿದೆ, ಇನ್ನೊಂದು ಸುಮ್ನೆ ಖಾಲಿ. ಎರಡಕ್ಕೂ 111. ಹೋಗಿಬರುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಾಕಿ ನೋಡಿದರೆ ವೈರ್ ಮೇಲೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ: 8004ರಿಂದ ರೀಸೆಟ್ ಪ್ಯಾಕೆಟ್ ಬರುತ್ತದೆ, 8002ರಿಂದ ‘ಪೋರ್ಟ್ ಅನ್‌ರೀಚಬಲ್’ ಅನ್ನುವ ಐಸಿಎಂಪಿ ಸಂದೇಶ ಬರುತ್ತದೆ. ಆದರೆ ಲಿನಕ್ಸ್ ಕರ್ನಲ್ ಎರಡನ್ನೂ ಒಂದೇ ನಂಬರ್‌ಗೆ ಇಳಿಸಿ ನಮ್ಮ ಕೈಗೆ ಕೊಡುತ್ತದೆ. ನಮ್ಮ ಸ್ಕ್ರಿಪ್ಟ್ ಎಷ್ಟೇ ಜಾಣತನ ಮಾಡಿದರೂ ಇಲ್ಲಿ ಏನೂ ಮಾಡುವಂತಿಲ್ಲ, ಮಾಹಿತಿ ಕರ್ನಲ್‌ನಲ್ಲೇ ಉಳಿದುಹೋಯಿತು. ಎನ್‌ಮ್ಯಾಪ್ ಅನ್ನು ಸುಡೋ ಜೊತೆ (ರೂಟ್ ಅಧಿಕಾರದಲ್ಲಿ) ಓಡಿಸಿದರೆ 8002 ‘ಫಿಲ್ಟರ್ಡ್’, 8004 ‘ಕ್ಲೋಸ್ಡ್’ ಅಂತ ಬರುತ್ತದೆ, ಯಾಕೆಂದರೆ ಅದು ರಾ ಸಾಕೆಟ್‌ನಲ್ಲಿ ಪ್ಯಾಕೆಟ್ಟನ್ನೇ ಓದುತ್ತದೆ. ಅದೇ ಎನ್‌ಮ್ಯಾಪ್ ಅನ್ನು ಸುಡೋ ಇಲ್ಲದೆ ಓಡಿಸಿ, ಅದಕ್ಕೂ ಎರಡೂ ‘ಕ್ಲೋಸ್ಡ್’. ರೂಟ್ ಇದ್ದರೆ ವೇಗ ಜಾಸ್ತಿ, ಗುಟ್ಟಾಗಿ ಸ್ಕ್ಯಾನ್ ಮಾಡಬಹುದು ಅಂತಷ್ಟೇ ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಲಾಭ ಇದು, ಉತ್ತರ ಜಾಸ್ತಿ ಸ್ಪಷ್ಟವಾಗುತ್ತದೆ.

8003ರ 113 ಇನ್ನೊಂದು ಮಜಾ. ಅದರ ಹೆಸರು ‘ನೋ ರೂಟ್ ಟು ಹೋಸ್ಟ್’, ಅಂದರೆ ಆ ಯಂತ್ರಕ್ಕೆ ದಾರಿ ಇಲ್ಲ. ಸೆಂಟ್‌ಒಎಸ್ ಸರ್ವರ್‌ಗಳ ಜೊತೆ ಒದ್ದಾಡಿದವರಿಗೆ ಈ ಮೆಸೇಜ್ ಚೆನ್ನಾಗಿ ಪರಿಚಯ. ಪಿಂಗ್ ಹೋಗುತ್ತಿದೆ, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಆಗುತ್ತಿದೆ, ಒಂದು ಪೋರ್ಟ್‌ಗೆ ಮಾತ್ರ ದಾರಿಯೇ ಇಲ್ಲವಂತೆ! ರೂಟಿಂಗ್ ಟೇಬಲ್ ಹುಡುಕುತ್ತಾ ಕೂತರೆ ಏನೂ ಸಿಗುವುದಿಲ್ಲ. ಅಲ್ಲಿ ನಡೆದದ್ದು ಫೈರ್‌ವಾಲ್ ‘ಈ ಕಡೆ ಬರಬೇಡ’ ಅಂತ ಐಸಿಎಂಪಿಯಲ್ಲಿ ಹೇಳಿದ್ದು, ಅದನ್ನು ಲಿನಕ್ಸ್ ಈ ಹೆಸರಿನಲ್ಲಿ ಕೊಡುತ್ತದೆ, ಅಷ್ಟೇ.

ಹೀಗಾಗಿ ನನ್ನ ಸ್ಕ್ಯಾನರ್‌ನಲ್ಲಿ ನಾಲ್ಕು ಹೆಸರಿಟ್ಟೆ. 0 ಬಂದರೆ ‘ತೆರೆದಿದೆ’, 111 ಬಂದರೆ ‘ನಿರಾಕರಿಸಿದೆ’, 113 ಬಂದರೆ ‘ತಡೆದಿದೆ’, ಟೈಮ್‌ಔಟ್ ಆದರೆ ‘ಮೌನ’. ‘ಮುಚ್ಚಿದೆ’ ಅನ್ನುವ ಪದ ಬೇಕಂತಲೇ ಬಿಟ್ಟೆ, ಮುಚ್ಚಿದೆಯೋ ಇಲ್ಲವೋ ನಮಗೆ ಖಾತ್ರಿ ಇಲ್ಲ. ಇದೊಂದು ಸಣ್ಣ ಹಠ, ಬೇರೆಯವರು ಬೇರೆ ಥರ ಮಾಡಬಹುದು. ಈ ನಾಲ್ಕರಲ್ಲಿ ಸೇರದ ಯಾವ ನಂಬರ್ ಬಂದರೂ ಅದನ್ನು ಹಾಗೇ ಪ್ರಿಂಟ್ ಮಾಡಿಸುತ್ತೇನೆ, ನುಂಗುವುದಿಲ್ಲ.

ಮೌನದಲ್ಲೂ ಎರಡು ಮೂರು ಥರ ಇದೆ. ಫೋನ್ ರಿಂಗ್ ಆಗುತ್ತಲೇ ಇದೆ, ಎತ್ತುತ್ತಿಲ್ಲ ಅಂದರೆ ಮನೆಯಲ್ಲಿ ಯಾರೂ ಇಲ್ಲವಾ, ಇದ್ದೂ ಎತ್ತುತ್ತಿಲ್ಲವಾ, ಇಲ್ಲ ನೆಟ್‌ವರ್ಕೇ ಸರಿ ಇಲ್ಲವಾ? ಲ್ಯಾನ್‌ನಲ್ಲಿ ಯಾವ ಯಂತ್ರವೂ ಇಲ್ಲದ ವಿಳಾಸಕ್ಕೆ ತಟ್ಟಿದರೆ ಕರ್ನಲ್ ಮೊದಲು ಎಆರ್‌ಪಿಯಲ್ಲಿ ‘ಈ ವಿಳಾಸ ಯಾರದು’ ಅಂತ ಸೆಕೆಂಡಿಗೊಂದರಂತೆ ಮೂರು ಸಲ ಕೂಗುತ್ತದೆ, ಯಾರೂ ಓಗೊಡದಿದ್ದರೆ ಸುಮಾರು ಮೂರು ಸೆಕೆಂಡ್ ಆದ ಮೇಲೆ 113 ಕೊಡುತ್ತದೆ. ನಮ್ಮ ಟೈಮ್‌ಔಟ್ ಒಂದೇ ಸೆಕೆಂಡ್ ಇದ್ದರೆ ಅದಕ್ಕೂ ಮೊದಲೇ ನಾವು ಎದ್ದು ಹೊರಟಿರುತ್ತೇವೆ, ಸತ್ತ ವಿಳಾಸ ಕೂಡ ‘ಬಿಗಿಯಾದ ಫೈರ್‌ವಾಲ್ ಇರುವ ಯಂತ್ರ’ದ ಹಾಗೆ ಕಾಣುತ್ತದೆ. ಅದಕ್ಕೇ ಪ್ರತಿ ವಿಳಾಸಕ್ಕೂ ಮೊದಲು ಒಂದೇ ಒಂದು ಪೋರ್ಟ್‌ಗೆ ನಾಲ್ಕು ಸೆಕೆಂಡ್ ಕಾದು ನೋಡುತ್ತೇನೆ. ಯಾವ ಉತ್ತರ ಬಂದರೂ ಸರಿ, 111 ಬಂದರೂ ಯಂತ್ರ ಇದೆ ಅಂತಲೇ ಅರ್ಥ. 113 ಬಂದರೆ ಎಆರ್‌ಪಿ ಟೇಬಲ್ ನೋಡಿ ಆ ವಿಳಾಸಕ್ಕೆ ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ ನಂಬರ್) ಇಲ್ಲದಿದ್ದರೆ ಬಿಟ್ಟು ಮುಂದೆ ಹೋಗುತ್ತದೆ.

ಟೈಮ್‌ಔಟ್ ಎಷ್ಟಿಡಬೇಕು ಅನ್ನುವುದಕ್ಕೂ ಒಂದು ಲೆಕ್ಕ ಇದೆ, ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಮೊದಲ ಸಿನ್ ಪ್ಯಾಕೆಟ್ ದಾರಿಯಲ್ಲಿ ಕಳೆದುಹೋದರೆ ಕರ್ನಲ್ ಒಂದು ಸೆಕೆಂಡ್ ಕಾದು ಎರಡನೆಯದನ್ನು ಕಳಿಸುತ್ತದೆ. ನೀವು ಟೈಮ್‌ಔಟ್ ಸರಿಯಾಗಿ 1 ಸೆಕೆಂಡ್ ಇಟ್ಟರೆ ಆ ಎರಡನೇ ಪ್ರಯತ್ನ ಹೊರಡುವ ಹೊತ್ತಿಗೆ ಸಾಕೆಟ್ ಮುಚ್ಚಿರುತ್ತದೆ. 1.5 ಇಟ್ಟರೆ ಪುಕ್ಕಟೆಯಾಗಿ ಇನ್ನೊಂದು ಅವಕಾಶ ಸಿಗುತ್ತದೆ. ಎರಡು ಗೋಡೆ ದಾಟಿ ಬರುವ ವೈಫೈನಲ್ಲಿ ಪ್ಯಾಕೆಟ್ ಬೀಳುವುದು ಮಾಮೂಲು, ಹಾಗಾಗಿ ಈ ಅರ್ಧ ಸೆಕೆಂಡ್ ಬೆಲೆಬಾಳುತ್ತದೆ. ಒಂದು ಸುತ್ತು ಮುಗಿದ ಮೇಲೆ ‘ಮೌನ’ ಅಂತ ಬಂದ ಪೋರ್ಟ್‌ಗಳನ್ನು ಮಾತ್ರ ಇನ್ನೊಮ್ಮೆ, ನಿಧಾನವಾಗಿ ತಟ್ಟುತ್ತೇನೆ.

ಆದರೆ ಟೈಮ್ ಎಲ್ಲಿಂದ ತರುವುದು? ಪೋರ್ಟ್ ನಂಬರ್ 16 ಬಿಟ್, ಅಂದರೆ ಸೊನ್ನೆ ಬಿಟ್ಟು 65535 ಪೋರ್ಟ್. ಎಲ್ಲವೂ ಮೌನ ಅಂದುಕೊಳ್ಳಿ, ಒಂದರ ಹಿಂದೆ ಒಂದು 1.5 ಸೆಕೆಂಡ್ ಕಾದರೆ 27 ಗಂಟೆ ದಾಟುತ್ತದೆ. ಅದಕ್ಕೆ ಥ್ರೆಡ್‌ಪೂಲ್ ಹಾಕಿದೆ, ಒಟ್ಟಿಗೆ 200 ಕೆಲಸಗಾರರು. ಅದೇ ಕೆಲಸ ಎಂಟು ಒಂಬತ್ತು ನಿಮಿಷಕ್ಕೆ ಇಳಿಯುತ್ತದೆ. ಅಸಿಂಕ್‌ಐಒ ಬಳಸಿದರೆ ಇನ್ನೂ ಚೆನ್ನ ಅನ್ನುವವರು ಇದ್ದಾರೆ, ಇರಲಿ, ಕಾಯುವುದೇ ಕೆಲಸ ಆದಾಗ ಥ್ರೆಡ್ ಸಾಕು, ಓದುವುದಕ್ಕೂ ಸುಲಭ.

200ರ ಬದಲು 2000 ಇಟ್ಟರೆ ಏನಾಗುತ್ತದೆ ಅಂತ ಬೇಕಂತಲೇ ಪರೀಕ್ಷೆ ಮಾಡಿದೆ, ಇದು ನೀವೂ ಮಾಡಿ ನೋಡಬೇಕಾದ್ದು. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಒಮ್ಮೆಗೆ ತೆರೆದಿಡಬಹುದಾದ ಫೈಲ್‌ಗಳ ಮಿತಿ ಸಾಮಾನ್ಯವಾಗಿ 1024. ಸಾಕೆಟ್ ಕೂಡ ಅದೇ ಲೆಕ್ಕಕ್ಕೆ ಸೇರುತ್ತದೆ. ಮಿತಿ ದಾಟಿದ ಕೂಡಲೇ ಎರರ್ 24, ‘ಟೂ ಮೆನಿ ಓಪನ್ ಫೈಲ್ಸ್’. ಇದು ಬರುವುದು ಕನೆಕ್ಟ್‌ನಿಂದ ಅಲ್ಲ, ಸಾಕೆಟ್ ತೆರೆಯುವ ಸಾಲಿನಿಂದ. ಕಾಪಿ ಪೇಸ್ಟ್‌ನಲ್ಲಿ ಓಡಾಡುವ ಸ್ಕ್ಯಾನರ್‌ಗಳಲ್ಲಿ ಮುಕ್ಕಾಲು ಪಾಲು ಎಲ್ಲವನ್ನೂ ಒಂದು ಟ್ರೈ ಒಳಗೆ ಸುತ್ತಿ, ಕೆಳಗೆ ಯಾವ ಎಕ್ಸೆಪ್ಶನ್ ಬಂದರೂ ‘ಪಾಸ್’ ಅಂತ ಬರೆದಿರುತ್ತವೆ. ಪರಿಣಾಮ? ಸ್ಕ್ರಿಪ್ಟ್ ಸಕತ್ ವೇಗವಾಗಿ ಓಡಿ, ‘ಏನೂ ತೆರೆದಿಲ್ಲ’ ಅಂತ ಖುಷಿಯಾಗಿ ಹೇಳುತ್ತದೆ. ನನ್ನ ಪೈ ಮೇಲೆ 8000 ತೆರೆದಿತ್ತು, ನಮ್ಮ ಕಣ್ಣೆದುರೇ ಬ್ರೌಸರ್‌ನಲ್ಲಿ ಪೇಜ್ ಬರುತ್ತಿತ್ತು, ಆದರೆ ಆ ಥರದ ಕೋಡ್ ಅದನ್ನು ನೋಡಲೇ ಇಲ್ಲ, ಆ ಪೋರ್ಟ್‌ಗೆ ಪ್ಯಾಕೆಟ್ಟೇ ಹೋಗಿರಲಿಲ್ಲ. ಸೆಕ್ಯುರಿಟಿ ಟೂಲ್ ಸುಳ್ಳು ಸಮಾಧಾನ ಕೊಡುವುದಕ್ಕಿಂತ ಕ್ರ್ಯಾಶ್ ಆಗಿ ಬೀಳುವುದು ವಾಸಿ, ಅಲ್ವಾ?

ಇನ್ನೊಂದು ವಿಚಿತ್ರ, ಇದು ನನಗೆ ತುಂಬಾ ಇಷ್ಟವಾದದ್ದು. ಲ್ಯಾಪ್‌ಟಾಪ್ ತನ್ನನ್ನೇ ಸ್ಕ್ಯಾನ್ ಮಾಡಿಕೊಂಡಾಗ, ಅಂದರೆ 127.0.0.1 ಮೇಲೆ ಪೂರ್ತಿ 65535 ಓಡಿಸಿದಾಗ, ಒಮ್ಮೊಮ್ಮೆ 40 ಸಾವಿರದ ಆಸುಪಾಸಿನಲ್ಲಿ ಯಾವುದೋ ಒಂದು ಪೋರ್ಟ್ ತೆರೆದಿದೆ ಅಂತ ಬರುತ್ತದೆ. ಮತ್ತೆ ಓಡಿಸಿದರೆ ಅದು ಮಾಯ, ಬೇರೆ ಯಾವುದೋ ಬರುತ್ತದೆ, ಇಲ್ಲ ಏನೂ ಬರುವುದಿಲ್ಲ. ಮಾಲ್‌ವೇರ್ ಅಂತ ಎದೆ ಧಸಕ್ ಅನ್ನುವುದು ಸಹಜ. ಕಾರಣ ಬೇರೆ. ನಾವು ಹೊರಗೆ ಸಂಪರ್ಕ ಮಾಡುವಾಗ ನಮ್ಮ ಕಡೆಗೂ ಒಂದು ಪೋರ್ಟ್ ಬೇಕು, ಲಿನಕ್ಸ್ ಅದನ್ನು 32768ರಿಂದ 60999ರ ನಡುವೆ ಆರಿಸುತ್ತದೆ. ತನ್ನನ್ನೇ ತಟ್ಟುವಾಗ, ನಾವು ತಟ್ಟುತ್ತಿರುವ ಪೋರ್ಟ್ ನಂಬರನ್ನೇ ನಮ್ಮ ಕಡೆಯ ಪೋರ್ಟ್ ಅಂತ ಕರ್ನಲ್ ಆರಿಸಿಬಿಟ್ಟರೆ ಆ ಸಾಕೆಟ್ ತನಗೆ ತಾನೇ ಸಂಪರ್ಕ ಮಾಡಿಕೊಳ್ಳುತ್ತದೆ. ಈ ಸಿನ್-ಆಕ್ ಸಂಪರ್ಕದ, ಅಂದರೆ ಟಿಸಿಪಿಯ ನಿಯಮದಲ್ಲಿ ಇದಕ್ಕೆ ಅವಕಾಶ ಇದೆ. ಎರಡೂ ಕಡೆಯಿಂದ ಒಟ್ಟಿಗೆ ಸಿನ್ ಬಂದರೂ ಸಂಪರ್ಕ ಆಗಬಹುದು, ಇಲ್ಲಿ ಎರಡೂ ಕಡೆ ಒಬ್ಬನೇ! ಇದನ್ನು ಹಿಡಿಯುವುದು ಸುಲಭ: 0 ಬಂದ ಕೂಡಲೇ ನಮ್ಮ ವಿಳಾಸ-ಪೋರ್ಟ್ ಮತ್ತು ಆ ಕಡೆಯ ವಿಳಾಸ-ಪೋರ್ಟ್ ಎರಡೂ ಕೇಳಿ, ಒಂದೇ ಆಗಿದ್ದರೆ ಆ ಫಲಿತಾಂಶ ಬಿಸಾಡಿ. ಎರಡು ಸಾಲಿನ ಕೋಡ್.

ತೆರೆದ ಪೋರ್ಟ್ ಸಿಕ್ಕ ಮೇಲೆ ಅಲ್ಲಿ ಯಾರಿದ್ದಾರೆ ಅಂತ ತಿಳಿಯಬೇಕು. 22 ಅಂದರೆ ಎಸ್‌ಎಸ್‌ಎಚ್, 80 ಅಂದರೆ ವೆಬ್ ಅನ್ನುವುದು ವಾಡಿಕೆ ಅಷ್ಟೇ, ಯಾರು ಬೇಕಾದರೂ ಎಲ್ಲಿ ಬೇಕಾದರೂ ಕೂರಬಹುದು. ಕೆಲವು ಸೇವೆಗಳು ತಾವೇ ಮೊದಲು ಮಾತಾಡುತ್ತವೆ. ಎಸ್‌ಎಸ್‌ಎಚ್ ಸಂಪರ್ಕ ಆದ ತಕ್ಷಣ ತನ್ನ ಹೆಸರು, ವರ್ಶನ್ ಇರುವ ಒಂದು ಸಾಲು ಕಳಿಸುತ್ತದೆ, ರೂಟರ್‌ಗಳಲ್ಲಿ ಸಾಮಾನ್ಯವಾಗಿ ಅದು ‘ಡ್ರಾಪ್‌ಬೇರ್’ ಅಂತ ಇರುತ್ತದೆ. ಎಫ್‌ಟಿಪಿ, ಎಸ್‌ಎಂಟಿಪಿ ಎರಡೂ 220 ಅಂತ ಶುರು ಮಾಡುತ್ತವೆ. ವೆಬ್ ಸರ್ವರ್ ಮಾತ್ರ ನಾವು ಕೇಳುವವರೆಗೆ ಬಾಯಿ ಬಿಡುವುದಿಲ್ಲ. ಹಾಗಾಗಿ ನನ್ನ ಸ್ಕ್ರಿಪ್ಟ್ ಎರಡು ಸೆಕೆಂಡ್ ಸುಮ್ಮನೆ ಕೇಳಿಸಿಕೊಳ್ಳುತ್ತದೆ, ಏನೂ ಬರದಿದ್ದರೆ ಒಂದು ಸಾಲಿನ ಎಚ್‌ಟಿಟಿಪಿ ‘ಹೆಡ್’ ಕೋರಿಕೆ ಕಳಿಸಿ ಬಂದದ್ದರಲ್ಲಿ ಮೊದಲ ಕೆಲವು ಸಾಲು ಇಟ್ಟುಕೊಳ್ಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ. 9100 ಪೋರ್ಟ್‌ಗೆ ಏನನ್ನೂ ಕಳಿಸಬೇಡಿ. ಅದು ನೆಟ್‌ವರ್ಕ್ ಪ್ರಿಂಟರ್‌ಗಳ ನೇರ ಬಾಗಿಲು, ಅಲ್ಲಿಗೆ ಬಂದದ್ದೆಲ್ಲ ಪ್ರಿಂಟ್ ಆಗಬೇಕಾದ್ದು ಅಂತಲೇ ಅದರ ನಂಬಿಕೆ. ನಿಮ್ಮ ಹೆಡ್ ಕೋರಿಕೆ ಅಚ್ಚುಕಟ್ಟಾಗಿ ಎ4 ಹಾಳೆಯ ಮೇಲೆ ಬಂದು ಬೀಳುತ್ತದೆ. ಆಫೀಸಿನಲ್ಲಿ ಅನುಮತಿ ಪಡೆದು ಸ್ಕ್ಯಾನ್ ಮಾಡುವವರು ಇದನ್ನು ನೆನಪಿಡಿ, ಮಹಡಿಗೊಂದು ಪ್ರಿಂಟರ್ ಇದ್ದರೆ ಕೇಳಲೇಬೇಡಿ. ಎನ್‌ಮ್ಯಾಪ್ ಕೂಡ ವರ್ಶನ್ ಪತ್ತೆ ಮಾಡುವಾಗ 9100ರಿಂದ 9107ರವರೆಗೆ ತಾನಾಗಿ ಬಿಟ್ಟುಬಿಡುತ್ತದೆ, ನಾನೂ ಅದೇ ಪಟ್ಟಿ ತಗೊಂಡೆ.

ಮನೆ ಮೇಲೆ ಓಡಿಸಿದಾಗ ಬಂದದ್ದರಲ್ಲಿ ಬಹಳಷ್ಟು ನಿರೀಕ್ಷಿಸಿದ್ದೇ. ಪ್ರಿಂಟರ್‌ನಲ್ಲಿ 631 ಮತ್ತು 9100, ಟಿವಿಯಲ್ಲಿ 8008 ಮತ್ತು 8009, ಕ್ಯಾಮೆರಾ ಡಿವಿಆರ್‌ನಲ್ಲಿ ವಿಡಿಯೊಗೆ 554, ಸೆಟ್ಟಿಂಗ್ಸ್ ಪುಟಕ್ಕೆ 80. ರೂಟರ್‌ನಲ್ಲಿ 53, 80, 443. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಡಿವಿಆರ್‌ನಲ್ಲಿ 23 ಕೂಡ ತೆರೆದಿತ್ತು. ದೂರದಿಂದ ಲಾಗಿನ್ ಆಗುವ ಹಳೇ ದಾರಿ, ಟೆಲ್‌ನೆಟ್! ಪೆಟ್ಟಿಗೆಯಲ್ಲಿ ಬಂದ ಕೈಪಿಡಿಯಲ್ಲಿ ಅದರ ಬಗ್ಗೆ ಒಂದಕ್ಷರ ಇಲ್ಲ, ಸೆಟ್ಟಿಂಗ್ಸ್ ಪುಟದಲ್ಲಿ ಅದನ್ನು ಆಫ್ ಮಾಡುವ ಜಾಗ ಇಲ್ಲ, ವೆಬ್ ಪಾಸ್‌ವರ್ಡ್ ಬದಲಿಸಿದರೂ ಟೆಲ್‌ನೆಟ್ ಪಾಸ್‌ವರ್ಡ್ ಬದಲಾಗುವುದಿಲ್ಲ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಜಗತ್ತಿನಾದ್ಯಂತ ಹಿಡಿದದ್ದು ಇಂಥವನ್ನೇ: 23ನ್ನು ತಟ್ಟು, ಹತ್ತರಲ್ಲಿ ಒಂದು ಸಲ 2323 ತಟ್ಟು, ತೆರೆದರೆ ಕಂಪನಿಯವರು ಇಟ್ಟ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡು. ಅದರ ಒಳಗೆ ಇದ್ದದ್ದು 60 ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿ ಮಾತ್ರ. ಆ ಅಕ್ಟೋಬರ್ 21ರಂದು ಡೈನ್ ಕಂಪನಿಯ, ವೆಬ್‌ಸೈಟ್ ಹೆಸರಿಗೆ ವಿಳಾಸ ಹೇಳುವ ಡಿಎನ್‌ಎಸ್ ಮೇಲೆ ದಾಳಿ ಮಾಡಿ ಅಮೆರಿಕದಲ್ಲಿ ದೊಡ್ಡ ದೊಡ್ಡ ವೆಬ್‌ಸೈಟ್‌ಗಳೇ ಸಿಗದ ಹಾಗೆ ಮಾಡಲು ಅಷ್ಟು ಸಾಕಾಯಿತು. ನಮ್ಮಲ್ಲೂ 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳು ಕರ್ನಾಟಕದಲ್ಲಿ ಮಾಲ್‌ವೇರ್‌ಗೆ ಸಿಕ್ಕಿ ಕೆಲಸ ನಿಲ್ಲಿಸಿದ್ದವು, ಪೆಟ್ಟು ತಿಂದದ್ದು ಡಿಫಾಲ್ಟ್ ಪಾಸ್‌ವರ್ಡ್ ಬದಲಿಸದ ಮೋಡೆಮ್‌ಗಳು. ಡಿವಿಆರ್ ಅನ್ನು ಈಗ ಮನೆಯ ಉಳಿದ ನೆಟ್‌ವರ್ಕ್‌ನಿಂದ ಬೇರ್ಪಟ್ಟ ವಿಲ್ಯಾನ್‌ಗೆ ಹಾಕಿ, ಇಂಟರ್ನೆಟ್ ಕಡೆಗೆ ಹೋಗುವ ದಾರಿ ರೂಟರ್‌ನಲ್ಲೇ ಕಟ್ಟಿದ್ದೇನೆ. ಹೊರಗಿನಿಂದ ವಿಡಿಯೊ ನೋಡಬೇಕಾದರೆ ವೈರ್‌ಗಾರ್ಡ್ ವಿಪಿಎನ್ ಮೂಲಕ ಒಳಗೆ ಬರುತ್ತೇನೆ.

ಮನೆಯೊಳಗಿನಿಂದ ನೋಡುವುದು ಅರ್ಧ ಕೆಲಸ. ಹೊರಗಿನಿಂದ ಏನು ಕಾಣುತ್ತದೆ ಅಂತ ತಿಳಿಯಲು ಮನೆಯೊಳಗೇ ಕೂತು ನಿಮ್ಮ ಪಬ್ಲಿಕ್ ಐಪಿಯನ್ನು ಸ್ಕ್ಯಾನ್ ಮಾಡಬೇಡಿ, ರೂಟರ್ ಆ ಪ್ಯಾಕೆಟ್‌ಗಳನ್ನು ಒಳಗೇ ತಿರುಗಿಸಿ ಮನೆಮಂದಿಗೆ ತೋರಿಸುವ ಮುಖವನ್ನೇ ತೋರಿಸಬಹುದು. ಅದಕ್ಕೂ ಮೊದಲು ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ ನೀವು ಸಿಜಿನ್ಯಾಟ್ (ಒಂದೇ ಪಬ್ಲಿಕ್ ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ಏರ್ಪಾಡು) ಹಿಂದೆ ಇದ್ದೀರಿ ಅಂತ ಅರ್ಥ. ‘ನನ್ನ ಐಪಿ ಏನು’ ಅಂತ ವೆಬ್‌ನಲ್ಲಿ ಕೇಳಿದಾಗ ಬರುವ ವಿಳಾಸ ಆಗ ನಿಮ್ಮದಲ್ಲ, ಇಂಟರ್ನೆಟ್ ಕೊಡುವವರ ಪೆಟ್ಟಿಗೆಯದು, ನಿಮ್ಮ ಜೊತೆ ಇನ್ನೂ ಎಷ್ಟೋ ಮನೆಗಳು ಅದರ ಹಿಂದೆ ಇರುತ್ತವೆ. ಅದನ್ನು ಸ್ಕ್ಯಾನ್ ಮಾಡಿದರೆ ಬೇರೆಯವರ ಯಂತ್ರ ಸ್ಕ್ಯಾನ್ ಮಾಡಿದ ಹಾಗೇ.

ಸಿಜಿನ್ಯಾಟ್ ಇದೆ, ಹೊರಗಿನಿಂದ ಯಾರೂ ಬರಲಾರರು ಅಂತ ನಿಶ್ಚಿಂತೆಯಾಗಿ ಇರುವಂತೆಯೂ ಇಲ್ಲ. ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಬಳಕೆಯಲ್ಲಿ ಭಾರತ ಜಗತ್ತಿನಲ್ಲೇ ಮುಂದಿರುವ ದೇಶಗಳಲ್ಲಿ ಒಂದು. ಅದು ಬಂದ ಮನೆಯಲ್ಲಿ ಟಿವಿಗೂ ಪ್ರಿಂಟರ್‌ಗೂ ತಲಾ ಒಂದು ಪಬ್ಲಿಕ್ ವಿಳಾಸ ಇರಬಹುದು, ನಡುವೆ ನ್ಯಾಟ್ ಇಲ್ಲ, ರೂಟರ್‌ನ ಐಪಿವಿ6 ಫೈರ್‌ವಾಲ್ ಒಂದೇ ಕಾವಲು. ಸ್ಕ್ರಿಪ್ಟ್‌ನಲ್ಲಿ ಸಾಕೆಟ್ ಬಗೆಯನ್ನು ಐಪಿವಿ4 ಅಂತ ಗಟ್ಟಿಯಾಗಿ ಬರೆಯದೆ ಗೆಟ್‌ಅಡ್ರ್‌ಇನ್ಫೋ ಕೊಟ್ಟದ್ದನ್ನು ಬಳಸಿದರೆ ಎರಡೂ ನಡೆಯುತ್ತದೆ. ನಾನು ಬಾಡಿಗೆಗೆ ತಗೊಂಡ ಒಂದು ಸಣ್ಣ ಹೊರಗಿನ ಸರ್ವರ್, ಅಂದರೆ ವಿಪಿಎಸ್‌ನಿಂದ, ಅಂಥ ಟೆಸ್ಟ್‌ಗೆ ಅವರ ನಿಯಮದಲ್ಲಿ ಅವಕಾಶ ಇದೆ ಅಂತ ಓದಿಕೊಂಡು, ನನ್ನ ಯಂತ್ರಗಳ ಐಪಿವಿ6 ವಿಳಾಸಗಳನ್ನು ತಟ್ಟಿ ನೋಡಿದೆ. ಎಲ್ಲ ಮೌನ. ಇಲ್ಲಿ ಮೌನ ಒಳ್ಳೆಯದೇ.

ಅದೇ ವಿಪಿಎಸ್ ಅನ್ನು ಗುರಿ ಮಾಡಿ ಇನ್ನೊಂದು ಪ್ರಯೋಗ ಮಾಡಿದೆ. ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವ ಡಾಕರ್ ಬಳಸುವವರು ಇದನ್ನು ತಪ್ಪದೆ ನೋಡಿ. ಯುಎಫ್‌ಡಬ್ಲ್ಯು ಫೈರ್‌ವಾಲ್ ಆನ್ ಇದೆ, ಒಳಬರುವುದೆಲ್ಲ ನಿಷೇಧ, 22 ಮಾತ್ರ ಬಿಟ್ಟಿದೆ. ಈಗ ಡೇಟಾ ಏನೂ ಇಲ್ಲದ ಒಂದು ಖಾಲಿ ವೆಬ್ ಕಂಟೇನರ್ ಅನ್ನು ‘8080:80’ ಅಂತ (ಹೊರಗಿನ 8080, ಒಳಗಿನ 80) ಪೋರ್ಟ್ ಕೊಟ್ಟು ಓಡಿಸಿ. ಯುಎಫ್‌ಡಬ್ಲ್ಯು ಸ್ಟೇಟಸ್ ಕೇಳಿದರೆ ಇನ್ನೂ 22 ಮಾತ್ರ ಅನ್ನುತ್ತದೆ. ಮನೆಯಿಂದ ಸ್ಕ್ಯಾನ್ ಮಾಡಿದರೆ 8080 ತೆರೆದಿದೆ! ಡಾಕರ್ ತನ್ನ ನಿಯಮಗಳನ್ನು ಐಪಿಟೇಬಲ್ಸ್‌ನಲ್ಲಿ ನೇರವಾಗಿ ಹಾಕುತ್ತದೆ, ಕಂಟೇನರ್‌ಗೆ ಹೋಗುವ ಪ್ಯಾಕೆಟ್ ಯುಎಫ್‌ಡಬ್ಲ್ಯು ಕಾಯುತ್ತಿರುವ ಬಾಗಿಲಿಗೆ ಬರುವುದೇ ಇಲ್ಲ, ಪಕ್ಕದ ದಾರಿಯಲ್ಲಿ ಹೋಗಿಬಿಡುತ್ತದೆ. ಆ ಜಾಗದಲ್ಲಿ ಪಾಸ್‌ವರ್ಡ್ ಇಲ್ಲದ ರೆಡಿಸ್ ಡೇಟಾಬೇಸ್ ಇದ್ದಿದ್ದರೆ? ‘127.0.0.1:8080:80’ ಅಂತ ಬರೆದರೆ ಆ ಯಂತ್ರದೊಳಗೆ ಮಾತ್ರ ಸಿಗುತ್ತದೆ, ಮತ್ತೆ ಸ್ಕ್ಯಾನ್ ಮಾಡಿದರೆ ಮೌನ. ಮಿಷಿಗನ್ ವಿಶ್ವವಿದ್ಯಾಲಯದವರು 2013ರಲ್ಲೇ ತಮ್ಮ ಸ್ಕ್ಯಾನರ್ ಝಡ್‌ಮ್ಯಾಪ್‌ನಿಂದ ಇಡೀ ಐಪಿವಿ4 ಇಂಟರ್ನೆಟ್‌ನ ಒಂದು ಪೋರ್ಟ್ ಅನ್ನು 45 ನಿಮಿಷದೊಳಗೆ ನೋಡಿ ಮುಗಿಸಿದ್ದರು, ಹಾಗಾಗಿ ನನ್ನ ಸಣ್ಣ ಸರ್ವರ್ ಯಾರ ಕಣ್ಣಿಗೆ ಬೀಳುತ್ತದೆ ಅನ್ನುವ ಮಾತು ನಡೆಯುವುದಿಲ್ಲ.

ಇಲ್ಲಿವರೆಗಿನದೆಲ್ಲ ಟಿಸಿಪಿ. ಸಂಪರ್ಕ ಕಟ್ಟದೆ ನೇರ ಪ್ಯಾಕೆಟ್ ಕಳಿಸುವ ಯುಡಿಪಿ ಕೂಡ ಸೇರಿಸೋಣ ಅಂದುಕೊಂಡು ಕೈ ಹಾಕಿ, ಮೂರೇ ಪೋರ್ಟ್‌ಗೆ ನಿಲ್ಲಿಸಿದೆ. ಅಲ್ಲಿ ಮುಚ್ಚಿದ ಪೋರ್ಟ್ ಮಾತ್ರ ಐಸಿಎಂಪಿಯಲ್ಲಿ ಉತ್ತರ ಕೊಡುತ್ತದೆ. ತೆರೆದ ಪೋರ್ಟ್ ತನಗೆ ಅರ್ಥವಾಗುವ ಮಾತು ಬರುವವರೆಗೆ ಸುಮ್ಮನಿರುತ್ತದೆ, ಫೈರ್‌ವಾಲ್ ಕೂಡ ಸುಮ್ಮನಿರುತ್ತದೆ. ಸಾಲದ್ದಕ್ಕೆ ಲಿನಕ್ಸ್ ಆ ಐಸಿಎಂಪಿ ಉತ್ತರಗಳನ್ನೂ ಅಳೆದು ತೂಗಿ ನಿಧಾನವಾಗಿ ಕೊಡುತ್ತದೆ, ಬೇಗ ತಟ್ಟಿದರೆ ಮುಚ್ಚಿದ್ದೂ ಮೌನವಾಗಿ ಕಾಣುತ್ತದೆ. ಹಾಗಾಗಿ 53ಕ್ಕೆ ಒಂದು ಸರಿಯಾದ ಡಿಎನ್‌ಎಸ್ ಪ್ರಶ್ನೆ, 123ಕ್ಕೆ ಎನ್‌ಟಿಪಿ, 161ಕ್ಕೆ ಎಸ್‌ಎನ್‌ಎಂಪಿ, ಇಷ್ಟೇ. ಉಳಿದದ್ದಕ್ಕೆ ಎನ್‌ಮ್ಯಾಪ್ ಇದೆ.

ಕೊನೆಗೆ ಇದನ್ನು, ಹೇಳಿದ ಹೊತ್ತಿಗೆ ಓಡಿಸುವ ಕ್ರಾನ್‌ಗೆ ಹಾಕಿ, ಪ್ರತಿ ಭಾನುವಾರ ಬೆಳಗಿನ ಜಾವ ಓಡಿ ಹಿಂದಿನ ವಾರದ ಫಲಿತಾಂಶದ ಜೊತೆ ಹೋಲಿಸಿ, ಬದಲಾದದ್ದನ್ನು ಮಾತ್ರ ಮೇಲ್ ಮಾಡುವ ಹಾಗೆ ಮಾಡಿದೆ. ಶುರುವಿನಲ್ಲಿ ಐಪಿ ವಿಳಾಸದ ಪ್ರಕಾರ ಹೋಲಿಸುತ್ತಿದ್ದದ್ದನ್ನು ಈಗ ಮ್ಯಾಕ್ ವಿಳಾಸಕ್ಕೆ ಬದಲಿಸಿದ್ದೇನೆ, ಕರೆಂಟ್ ಹೋಗಿ ಬಂದಾಗಲೆಲ್ಲ ಡಿಎಚ್‌ಸಿಪಿ ಹೊಸ ಐಪಿ ಹಂಚಿ ಪ್ರಿಂಟರ್ ಟಿವಿಯಾಗಿ, ಟಿವಿ ಪ್ರಿಂಟರ್ ಆಗಿ ಕಾಣುತ್ತಿತ್ತು. ಮೊಬೈಲ್‌ಗಳದ್ದು ಬೇರೆ ಕಥೆ, ಅವು ಪ್ರತಿ ವೈಫೈಗೂ ಒಂದೊಂದು ಹುಸಿ ಮ್ಯಾಕ್ ಹೇಳುತ್ತವೆ. ಆ ಥರದ ಮ್ಯಾಕ್‌ನಲ್ಲಿ ಎರಡನೇ ಅಂಕಿ 2, 6, ಎ ಅಥವಾ ಇ ಆಗಿರುತ್ತದೆ, ಅಂಥವನ್ನು ‘ಓಡಾಡುವ ಮಂದಿ’ ಅಂತ ಬೇರೆ ಪಟ್ಟಿಗೆ ಹಾಕಿ, ಅವುಗಳಲ್ಲಿ ಏನಾದರೂ ತೆರೆದಿದ್ದರೆ ಮಾತ್ರ ತೋರಿಸುತ್ತದೆ. ಹೋದ ಸಲದ ಮೇಲ್‌ನಲ್ಲಿ ಒಂದೇ ಸಾಲಿತ್ತು: ಟಿವಿ, 5555, ತೆರೆದಿದೆ. ಆಂಡ್ರಾಯ್ಡ್ ಟಿವಿಯ ಡೆವಲಪರ್ ಆಪ್ಷನ್‌ನಲ್ಲಿ ಎಡಿಬಿ ಡೀಬಗ್ಗಿಂಗ್ (ಬೇರೆ ಯಂತ್ರದಿಂದ ಟಿವಿಗೆ ಆದೇಶ ಕೊಡುವ ದಾರಿ) ಯಾರೋ ಆನ್ ಮಾಡಿದ್ದರು. ಮಗನನ್ನು ಕೇಳಿದರೆ ಯಾವುದೋ ಆ್ಯಪ್ ಹಾಕಲು ಬೇಕಿತ್ತಂತೆ. ಆಫ್ ಮಾಡಿಸಿ ಮತ್ತೆ ಸ್ಕ್ಯಾನ್ ಮಾಡಿದೆ, 111 ಬಂತು.